ಸೂಪರ್‌ಕಾರಾ ಇಲ್ಲ ರೇಸಿಂಗ್ ರೆಪ್ಲಿಕಾನಾ: ದುಡ್ಡು ಕೊಡೋಕೆ ಮುಂಚೆ ಏನೇನು, ಯಾವ ಕ್ರಮದಲ್ಲಿ ನೋಡ್ಬೇಕು

ಇಂಗ್ಲೆಂಡಲ್ಲಿ ಇರೋ ನಮ್ಮ ಕನ್ನಡದವರಲ್ಲಿ ಕಾರಿನ ಹುಚ್ಚು ಇರೋರು ವರ್ಷಗಟ್ಲೆ ದುಡ್ಡು ಕೂಡಿಟ್ಟು ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ. ಒಂದು ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಮೆಕ್‌ಲಾರೆನ್ 570ಎಸ್ ಥರದ ಸೂಪರ್‌ಕಾರು, ಇನ್ನೊಂದು ಕೈಯಲ್ಲಿ ಫೋರ್ಡ್ ಜಿಟಿ40 ರೆಪ್ಲಿಕಾ, ಅಂದ್ರೆ 1960ರ ದಶಕದ ಆ ರೇಸ್ ಕಾರಿನ ಹಾಗೇ ಆಮೇಲೆ ಯಾರೋ ಕಟ್ಟಿದ ನಕಲು. ಎರಡೂ ಲಕ್ಷ ಪೌಂಡ್ ಹತ್ರ ಹತ್ರ ಓಡಾಡ್ತವೆ ಅನ್ನೋದಕ್ಕೇ ಈ ಗೊಂದಲ. ನಾನು ಜೊತೆಗೆ ಹೋಗಿ ನೋಡಿಕೊಟ್ಟ ಕಾರುಗಳಲ್ಲಿ, ತಗೊಂಡು ವರ್ಷದೊಳಗೆ ನಷ್ಟಕ್ಕೆ ಮಾರಿದವರೆಲ್ಲ ಮಾಡಿದ್ದು ಒಂದೇ ತಪ್ಪು, ಮೊದಲು ಓಡಿಸಿ ನೋಡಿದ್ರು. ಒಂದ್ಸಲ ಬೆನ್ನ ಹಿಂದೆ ವಿ8 ಇಂಜಿನ್ ಗುಡುಗಿತು ಅಂದ್ರೆ ಮನಸ್ಸು ಅಲ್ಲೇ ಬಿದ್ದೋಗತ್ತೆ, ಆಮೇಲೆ ಕಾಗದ ನೋಡೋದು, ಗ್ಯಾರೇಜ್ ಅಳೆಯೋದು ಎಲ್ಲ ಬರೀ ಶಾಸ್ತ್ರಕ್ಕೆ.

ಅದಕ್ಕೇ ಇಲ್ಲಿ ಓಡಿಸಿ ನೋಡೋದನ್ನ ದುಡ್ಡು ಕೊಡೋಕೆ ಮುಂಚಿನ ಕೊನೇ ಹಂತದಲ್ಲಿ ಇಟ್ಟಿದೀನಿ. ಉದಾಹರಣೆಗೆ ಈ ಎರಡು ಕಾರನ್ನೇ ಹಿಡ್ಕೊಂಡಿದೀನಿ, ಆದ್ರೆ ಔಡಿ ಆರ್8, ಫೆರಾರಿ 458 ಒಂದು ಕಡೆ, ಕೋಬ್ರಾ ರೆಪ್ಲಿಕಾ ಇನ್ನೊಂದು ಕಡೆ ಅಂತ ನೋಡೋರಿಗೂ ಕ್ರಮ ಇದೇ.

ಜೊತೆಗೆ ಏನೇನು ತಗೊಂಡು ಹೋಗ್ಬೇಕು

ಇಂಚ್ ಟೇಪು, ಒಳ್ಳೆ ಟಾರ್ಚು, ಟೈರ್ ಅಳೆಯೋ ಗೇಜು, ದೂರದಿಂದ ಬಿಸಿ ಅಳೆಯೋ ಇನ್‌ಫ್ರಾರೆಡ್ ಥರ್ಮಾಮೀಟರ್, ಕೆಳಗೆ ಮಲಗಿ ನೋಡೋಕೆ ಹಳೇ ಚಾಪೆ. ಕಾರಿನ ಕಂಪ್ಯೂಟರಲ್ಲಿರೋ ದೋಷ ಓದೋ ಓಬಿಡಿ ಸ್ಕ್ಯಾನರ್ ಸೂಪರ್‌ಕಾರಿಗೆ ಮಾತ್ರ, ಅದೂ ಮೇಲ್ಮೇಲೆ ನೋಡೋಕೆ. ಪೇಂಟ್ ದಪ್ಪ ಅಳೆಯೋ ಗೇಜ್ ಇದ್ರೆ ತಗೊಳ್ಳಿ, ಆದ್ರೆ ಅದು ಲೋಹದ ಮೇಲೆ ಅಷ್ಟೇ ಕೆಲಸ ಮಾಡತ್ತೆ, ರೆಪ್ಲಿಕಾದ ಫೈಬರ್‌ಗ್ಲಾಸ್ ಬಾಡಿ ಮೇಲೆ ಇಟ್ರೆ ಏನೂ ಗೊತ್ತಾಗಲ್ಲ. ಇನ್ನೊಂದು, ತೆಳು ಅಡಿಯ ಕಿರಿದಾದ ಶೂ ಹಾಕ್ಕೊಂಡು ಹೋಗಿ, ಯಾಕೆ ಅಂತ ಎರಡನೇ ಹಂತದಲ್ಲಿ ಹೇಳ್ತೀನಿ.

1. ಮನೆಯಲ್ಲೇ ಕೂತು ಮಾಡೋ ಲೆಕ್ಕ

ಹೋದ ವರ್ಷದ ಕ್ಯಾಲೆಂಡರ್ ತೆಗೀರಿ. ಮಳೆ ಇಲ್ದೆ, ಮಕ್ಕಳ ಕ್ಲಾಸ್ ಇಲ್ದೆ, ಯಾರ ಮನೆ ಫಂಕ್ಷನ್ನೂ ಇಲ್ದೆ ನಿಮಗೆ ನಿಜವಾಗ್ಲೂ ಸಿಕ್ಕಿದ ಭಾನುವಾರ ಎಷ್ಟು ಅಂತ ಎಣಿಸಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಆ ಉಪ್ಪು ಸ್ಟೀಲ್ ಚಾಸಿಗೆ ಮೆತ್ಕೊಂಡ್ರೆ ತುಕ್ಕು ಗ್ಯಾರಂಟಿ, ಹಾಗಾಗಿ ರೆಪ್ಲಿಕಾ ಇರೋರು ನಾಲ್ಕೈದು ತಿಂಗಳು ಕಾರು ಹೊರಗೆ ತೆಗೆಯೋದೇ ಇಲ್ಲ. ವಾರಕ್ಕೊಂದ್ಸಲ ಆಫೀಸಿಗೂ ತಗೊಂಡ್ ಹೋಗ್ಬೇಕು, ಮಳೆ ಬಂದ್ರೂ ಪರವಾಗಿಲ್ಲ ಅನ್ನೋರು ಇಲ್ಲೇ ನಿಲ್ಸಿ ಸೂಪರ್‌ಕಾರ್ ಕಡೆ ತಿರುಗಬಹುದು.

ಲಂಡನ್ ಒಳಗೆ ಇರೋರು ಯುಲೆಜ್, ಅಂದ್ರೆ ಹೊಗೆ ಜಾಸ್ತಿ ಬಿಡೋ ಕಾರುಗಳಿಗೆ ದಿನದ ಶುಲ್ಕ ಹಾಕೋ ವಲಯ, ನೋಡ್ಕೊಳ್ಳಿ. ಪೆಟ್ರೋಲ್ ಕಾರು ಯೂರೋ 4 ಅನ್ನೋ ಹೊಗೆ ಮಿತಿಯ ಮಟ್ಟಕ್ಕೆ ಬರದಿದ್ರೆ ಓಡಿಸಿದ ದಿನಕ್ಕೆ 12.50 ಪೌಂಡ್, 2023ರ ಆಗಸ್ಟಿಂದ ಲಂಡನ್ನಿನ ಎಲ್ಲಾ ಬರೋಗಳಿಗೂ (ಸ್ಥಳೀಯ ಆಡಳಿತದ ಭಾಗಗಳು) ಇದು ಬಂದಿದೆ. 570ಎಸ್‌ಗೆ ಇದರ ಯೋಚನೆನೇ ಬೇಡ. ಕಾರ್ಬ್ಯುರೇಟರ್ ಇರೋ ರೆಪ್ಲಿಕಾ ಸಾಮಾನ್ಯವಾಗಿ ಸಿಕ್ಕಿಹಾಕ್ಕೊಳ್ಳತ್ತೆ. ಮಾಲೀಕರು "ಇದು ಹಳೇ ಕಾರಿನ ಲೆಕ್ಕ, 40 ವರ್ಷ ಆದ್ರೆ ವಿನಾಯ್ತಿ" ಅಂದ್ರೆ ನಂಬಬೇಡಿ. ನೋಡೋಕೆ 1966ರದ್ದಾದ್ರೂ ಕಟ್ಟಿದ್ದು 2008ರಲ್ಲಿ ಅಂದ್ರೆ ಸರ್ಕಾರಕ್ಕೆ ಅದು 2008ರ ಕಾರೇ.

ಈಗ ಗ್ಯಾರೇಜ್ ಅಳೀರಿ. 570ಎಸ್ ಪಕ್ಕದ ಕನ್ನಡಿ ಮಡಚದೆ ಹೊರಗೆ ಚಾಚಿದ್ದಾಗ 2,095 ಮಿಲಿಮೀಟರ್ ಅಗಲ. ಇಲ್ಲಿನ ಹಳೇ ಮನೆಗಳ ಗ್ಯಾರೇಜ್ ಬಾಗಿಲು ಸುಮಾರು ಕಡೆ ಏಳು ಅಡಿ, ಅಂದ್ರೆ 2,134 ಮಿಲಿಮೀಟರ್. ಎರಡೂ ಕಡೆ ಸೇರಿ ಉಳಿಯೋದು ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಕನ್ನಡಿ ಮಡಚಿ ಹೆಂಗೋ ಒಳಗೆ ಬಿಟ್ಟರೂ ಬಾಗಿಲು ಮೇಲಕ್ಕೆ ಏಳೋ ಥರದ್ದು, ಮೇಲಿನ ತೊಲೆಗೆ ತಾಗತ್ತಾ ನೋಡ್ಬೇಕು. ನನ್ನ ಸ್ನೇಹಿತರೊಬ್ಬರು ಇದನ್ನ ಅಳೀದೇ ತಗೊಂಡು, ಮನೆ ಮುಂದೆ ಕವರ್ ಹಾಕಿ ನಿಲ್ಸಿದ್ರು, ಇನ್ಶೂರೆನ್ಸ್‌ನಲ್ಲಿ ಬೀಗ ಹಾಕಿದ ಗ್ಯಾರೇಜ್ ಅಂತ ಬರೆಸಿದ್ದನ್ನ ಬದಲಾಯಿಸಬೇಕಾಯ್ತು, ಪ್ರೀಮಿಯಂ ಏರಿತು.

ಜಿಟಿ40 ಅಗಲ ಕಮ್ಮಿ, ಆದ್ರೆ ಅದರ ಬಾಗಿಲು ಛಾವಣಿಯ ಒಂದು ತುಂಡನ್ನೂ ಜೊತೆಗೆ ತಗೊಂಡು ಪಕ್ಕಕ್ಕೆ ತೆರ್ಕೊಳ್ಳತ್ತೆ, ಪೂರ್ತಿ ತೆಗೆಯದಿದ್ರೆ ಇಳಿಯೋಕಾಗಲ್ಲ. ಹಿಂದಿನ ಬಾಡಿ ಇಡಿಯಾಗಿ ಬಾಲದ ಕಡೆಯಿಂದ ಮೇಲಕ್ಕೆ ಹಿಂದಕ್ಕೆ ಎದ್ದೇಳತ್ತೆ, ಹಾಗಾಗಿ ಇಂಜಿನ್ ನೋಡ್ಬೇಕು ಅಂದ್ರೆ ಕಾರಿನ ಹಿಂದೆ ಜಾಗ ಬೇಕು. ಈ ಕಾರಲ್ಲಿ ಇಂಜಿನ್ ನೋಡೋ ಕೆಲಸ ವಾರವಾರ ಇರತ್ತೆ.

2. ಕೂತು ನೋಡಿ, ಆದ್ರೆ ಕೀ ತಿರುಗಿಸ್ಬೇಡಿ

ಜಿಟಿ40 ಅನ್ನೋ ಹೆಸರಲ್ಲಿರೋ 40 ಅಂದ್ರೆ ಎತ್ತರ, ನಲವತ್ತು ಇಂಚು ಆಸುಪಾಸು, ಒಂದು ಮೀಟರ್ ಸ್ವಲ್ಪ ಜಾಸ್ತಿ. ಡ್ಯಾನ್ ಗರ್ನಿ ಅನ್ನೋ ಎತ್ತರದ ಡ್ರೈವರ್ ಹೆಲ್ಮೆಟ್ ಹಾಕ್ಕೊಂಡು ಕೂರೋಕಾಗದೆ ಬಾಗಿಲ ಮೇಲೆ ಉಬ್ಬು ಮಾಡಿಸಿದ್ರು, ಇವತ್ತಿಗೂ ಅದನ್ನ ಗರ್ನಿ ಬಬಲ್ ಅಂತಾರೆ. ನೀವು ಆರಡಿ ದಾಟಿದ್ರೆ ಆ ಉಬ್ಬು ಇರೋ ಬಾಗಿಲೇ ಹುಡುಕಿ.

ಬರೀ ಹತ್ತಿ ಇಳಿದ್ರೆ ಸಾಲ್ದು, ಅರ್ಧ ಗಂಟೆ ಕೂರಿ. ಬಾಗಿಲು ಹಾಕಿಸ್ಕೊಳ್ಳಿ. ಕ್ಲಚ್ಚನ್ನ ಮೂವತ್ತು ನಲವತ್ತು ಸಲ ಪೂರ್ತಿ ಒತ್ತಿ, ಟ್ರಾಫಿಕ್ಕಲ್ಲಿ ಅಷ್ಟು ಒತ್ತೇ ಒತ್ತುತೀರಿ. ಪೆಡಲ್ ಮೂರೂ ಪಕ್ಕಪಕ್ಕ ಒತ್ತೊತ್ತಾಗಿ ಇರ್ತವೆ, ಮುಂದಿನ ಚಕ್ರದ ಗುಂಡಿ ಒಳಗೆ ನುಗ್ಗಿರೋದ್ರಿಂದ ಕಾಲು ಓರೆಯಾಗಿ ಹೋಗತ್ತೆ, ದಪ್ಪ ಶೂ ಹಾಕಿದ್ರೆ ಬ್ರೇಕ್ ಒತ್ತೋವಾಗ ಆಕ್ಸಿಲರೇಟರೂ ಜೊತೆಗೆ ಹೋಗತ್ತೆ. ತೆಳು ಶೂ ಅಂದಿದ್ದು ಇದಕ್ಕೆ. ಗೇರ್ ಲಿವರ್ ಎಲ್ಲಿದೆ ನೋಡಿ, ಅಸಲಿ ರೇಸ್ ಕಾರಿನ ಹಾಗೆ ಬಲಗಡೆ ಬಾಗಿಲ ಪಕ್ಕ ಇದ್ರೆ ಹತ್ತೋವಾಗ ಪ್ಯಾಂಟಿಗೆ ಸಿಕ್ಕೊಳ್ಳತ್ತೆ, ಅಭ್ಯಾಸಕ್ಕೆ ತಿಂಗಳು ಬೇಕು. ಎಷ್ಟೋ ರೆಪ್ಲಿಕಾದಲ್ಲಿ ನಡುವೆ ಇರತ್ತೆ, ರಸ್ತೆಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಪಕ್ಕದ ಸೀಟಲ್ಲಿ ಯಾರು ಕೂರ್ತಾರೋ ಅವರನ್ನೂ ಕರ್ಕೊಂಡ್ ಹೋಗಿ. ಊರಿಂದ ಅಪ್ಪ ಅಮ್ಮ ಬಂದಾಗ ಒಂದು ರೌಂಡ್ ಕರ್ಕೊಂಡ್ ಹೋಗ್ಬೇಕು ಅನ್ನೋ ಆಸೆ ಎಲ್ಲರಿಗೂ ಇರತ್ತೆ, ಮಂಡಿ ನೋವಿರೋ ಅಮ್ಮ ಸೀರೆ ಉಟ್ಕೊಂಡು ಜಿಟಿ40ಯ ಅಗಲದ ಸಿಲ್ (ಬಾಗಿಲ ಕೆಳಗಿನ ಹೊಸ್ತಿಲು) ದಾಟಿ ಒಳಗೆ ಇಳಿಯೋದು ಆಗದ ಮಾತು. 570ಎಸ್‌ನಲ್ಲಿ ಕಷ್ಟಪಟ್ಟು ಆಗತ್ತೆ. ಇದು ನಿಮಗೆ ಮುಖ್ಯ ಅನಿಸಿದ್ರೆ ಬರೆದಿಟ್ಕೊಳ್ಳಿ, ಸಣ್ಣ ವಿಷಯ ಅಂತ ಬಿಡ್ಬೇಡಿ.

3. ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ

ಜನ ಹಾರಿಸಿಬಿಡೋ ಹಂತ ಇದೇ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳ್ತೀನಿ.

ಸೂಪರ್‌ಕಾರ್ ವಿಷಯದಲ್ಲಿ ಉತ್ತರ ಸುಲಭ, ದುಬಾರಿ. ಡೀಲರ್ ಇದಾರೆ, ಸ್ವತಂತ್ರ ಸ್ಪೆಷಲಿಸ್ಟ್ ಇದಾರೆ, ಅವರ ಹತ್ರ ಆ ಬ್ರ್ಯಾಂಡಿನ ಡಯಾಗ್ನೋಸ್ಟಿಕ್ ಮೆಷಿನ್ ಇರತ್ತೆ, ವಾರಂಟಿ ವಿಸ್ತರಿಸೋಕೂ ಬರತ್ತೆ. ಏಳು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕೈಕೊಟ್ರೆ ಮನೆ ಪಕ್ಕದ ಮೆಕ್ಯಾನಿಕ್ ಕೈಯಲ್ಲಿ ಆಗೋ ಕೆಲಸ ಅಲ್ಲ. ಹಾಗಾಗಿ ವಾರಂಟಿ ಇಲ್ದಿರೋ ಸೂಪರ್‌ಕಾರನ್ನ, ಕೊಂಡ ಬೆಲೆ ಮೇಲೆ ಒಂದು ದೊಡ್ಡ ರಿಪೇರಿಗಾಗೋ ದುಡ್ಡು ಪಕ್ಕಕ್ಕೆ ಇಡೋಕೆ ಆಗದವರು ಮುಟ್ಟಬಾರದು. ಮಾದರಿ ಮಾದರಿಗೂ ವ್ಯತ್ಯಾಸ ಇದೆ, ಮೆಕ್‌ಲಾರೆನ್ನಿನದೇ 650ಎಸ್, 720ಎಸ್‌ನಲ್ಲಿ ಹೈಡ್ರಾಲಿಕ್ ಸಸ್ಪೆನ್ಷನ್ನಿನ ಅಕ್ಯುಮುಲೇಟರ್‌ಗಳು (ಒತ್ತಡ ಹಿಡಿದಿಡೋ ಗುಂಡುಗಳು) ಕಾಲ ಕಳೆದಂತೆ ಸೋತು ಬದಲಾಯಿಸಬೇಕಾಗತ್ತೆ, 570ಎಸ್‌ನಲ್ಲಿ ಆ ವ್ಯವಸ್ಥೆನೇ ಇಲ್ಲ, ತಿರುವಲ್ಲಿ ಕಾರು ವಾಲೋದನ್ನ ತಡೆಯೋ ಸಾಮಾನ್ಯ ಆಂಟಿ ರೋಲ್ ಬಾರ್ ಅಷ್ಟೇ. ಮೊದಲ ಸೂಪರ್‌ಕಾರ್ ತಗೊಳ್ಳೋರಿಗೆ ನಾನು 570ಎಸ್ ಹೇಳೋದಕ್ಕೆ ಇದೂ ಒಂದು ಕಾರಣ.

ರೆಪ್ಲಿಕಾದಲ್ಲಿ ಲೆಕ್ಕವೇ ಬೇರೆ. ಫೋರ್ಡ್ 302 ಅಥವಾ 351 ವಿ8 ಇಂಜಿನ್ ಬಿಡಿಭಾಗ ಅಮೆರಿಕದಿಂದ ಎಷ್ಟು ಬೇಕಾದ್ರೂ ಬರತ್ತೆ, ಬೆಲೆನೂ ಹಗುರ. ತಲೆನೋವು ಇಂಜಿನ್ ಅಲ್ಲ, ಅದರ ಸುತ್ತ ಇರೋದು. ಬ್ರೇಕ್ ಕ್ಯಾಲಿಪರ್ ಯಾವ ಕಾರಿಂದು, ಕ್ಲಚ್ ಸ್ಲೇವ್ ಸಿಲಿಂಡರ್ ಯಾವುದು, ಫ್ಯಾನ್ ಸ್ವಿಚ್ ಎಷ್ಟು ಡಿಗ್ರಿದು, ಇದೆಲ್ಲ ಕಟ್ಟಿದೋರಿಗೆ ಮಾತ್ರ ಗೊತ್ತು. ಅವರು ಬರೆದಿಟ್ಟಿದ್ರೆ ಬದುಕಿದಿರಿ. ಅದಕ್ಕೆ ಬಿಲ್ಡ್ ಫೈಲ್ ಕೇಳಿ: ಕಟ್ಟೋವಾಗಿನ ಫೋಟೋ, ಬಿಲ್ಲುಗಳು, ಪಾರ್ಟ್ ನಂಬರ್ ಪಟ್ಟಿ, ಕೊನೆಗೆ ವೈರಿಂಗ್ ನಕ್ಷೆ. ಮೊದಲ ಮೂರು ಅರ್ಧಂಬರ್ಧ ಇದ್ರೂ ಹೇಗೋ ನಿಭಾಯಿಸಬಹುದು, ವೈರಿಂಗ್ ನಕ್ಷೆ ಇಲ್ಲ ಅಂದ್ರೆ ನಾನಂತೂ ವಾಪಸ್ ಬರ್ತೀನಿ. ನನ್ನ ಮೊದಲ ರೆಪ್ಲಿಕಾ ಮೂರು ಜನರ ಕೈ ದಾಟಿ ಬಂದಿತ್ತು, ನಕ್ಷೆ ಇರ್ಲಿಲ್ಲ, ಎಲ್ಲಾ ವೈರೂ ಒಂದೇ ಕಪ್ಪು ಬಣ್ಣ. ಮಳೆ ಬಂದ ದಿನ ಮಾತ್ರ ಇಂಜಿನ್ ಬಂದ್ ಆಗೋದು. ಆ ಒಂದು ಸಡಿಲ ಅರ್ಥ್ ವೈರ್ ಹುಡುಕೋಕೆ ಒಂದು ಇಡೀ ಬೇಸಿಗೆ ಹೋಯ್ತು, ಆ ಬೇಸಿಗೆಯಲ್ಲಿ ಕಾರು ಎರಡೇ ಎರಡು ಸಲ ಹೊರಗೆ ಬಂತು.

ಗೇರ್‌ಬಾಕ್ಸ್ ಯಾವುದು ಅಂತ ಹೆಸರು ಹಿಡಿದು ಕೇಳಿ. ಅಸಲಿ ಕಾರಲ್ಲಿ ಇದ್ದಿದ್ದು ಜೆಡ್‌ಎಫ್. ರೆಪ್ಲಿಕಾಗಳಲ್ಲಿ ರೆನೋ ಯುಎನ್1, ಪೋರ್ಷ ಜಿ50, ಔಡಿ ಹೀಗೆ ಬಗೆಬಗೆ ಹಾಕ್ತಾರೆ. ಸೌಮ್ಯವಾದ 302 ಇಂಜಿನ್‌ಗೆ ಯುಎನ್1 ನಡೆಯತ್ತೆ, ಜಾಸ್ತಿ ಟಾರ್ಕ್ ಇರೋ 351ಗೆ ಅದನ್ನೇ ಜೋಡಿಸಿ ಟ್ರ್ಯಾಕಲ್ಲೂ ಓಡಿಸಿದಾರೆ ಅಂದ್ರೆ ಗೇರ್‌ಬಾಕ್ಸ್ ಬದಲಾಯಿಸೋ ಖರ್ಚನ್ನ ಬೆಲೆಯಲ್ಲಿ ಕಳೀರಿ.

ನೀವೇ ಪಾನಾ ಹಿಡಿಯೋರಾ? ಇಲ್ಲ ಅಂದ್ರೆ ನಿಮ್ಮ ಮನೆಯಿಂದ ಒಂದು ಗಂಟೆ ದಾರಿಯೊಳಗೆ ಹಳೇ ರೇಸ್ ಕಾರು ಗೊತ್ತಿರೋ ಮೆಕ್ಯಾನಿಕ್ ಇದಾರಾ ಅಂತ ಮೊದಲು ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ಎರಡೂ ಇಲ್ಲ ಅಂದ್ರೆ ರೆಪ್ಲಿಕಾ ಆಸೆ ಸದ್ಯಕ್ಕೆ ಬಿಡಿ.

4. ಕಾಗದ

ವಿ5ಸಿ, ಅಂದ್ರೆ ನಾವು ಆರ್‌ಸಿ ಅಂತೀವಲ್ಲ ಅದು, ಕೈಗೆ ತಗೊಂಡು ಕಾರಿನ ಪಕ್ಕ ನಿಂತು ಓದಿ. ಚಾಸಿ ನಂಬರ್ ಅಚ್ಚು ಮತ್ತೆ ಪುಸ್ತಕದ ನಂಬರ್ ಅಕ್ಷರ ಅಕ್ಷರ ಒಂದೇ ಇರ್ಬೇಕು.

ರೆಪ್ಲಿಕಾದಲ್ಲಿ ಎಚ್ಚರದ ಗಂಟೆ ಯಾವುದು ಅಂದ್ರೆ, ಮೇಕ್ ಅನ್ನೋ ಜಾಗದಲ್ಲಿ ಬೇರೆ ಯಾವುದೋ ಹಳೇ ಫ್ಯಾಮಿಲಿ ಕಾರಿನ ಹೆಸರು ಇರೋದು. ಯಾರೋ ಒಂದು ಹಳೇ ಕಾರಿನ ನಂಬರನ್ನ ಇದಕ್ಕೆ ಅಂಟಿಸಿದಾರೆ ಅಂತ ಅರ್ಥ, ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದಲು ಹಿಡಿಯೋದು ಅದನ್ನೇ. 1998ರಿಂದ ಎಸ್‌ವಿಎ, 2009ರಿಂದ ಐವಿಎ ಅಂತ ಒಂದೊಂದೇ ಕಾರನ್ನ ಪರೀಕ್ಷೆ ಮಾಡಿ ರಸ್ತೆಗೆ ಬಿಡೋ ಪದ್ಧತಿ ಇದೆ, ಆಮೇಲೆ ಕಟ್ಟಿದ ಕಾರಾಗಿದ್ರೆ ಆ ಸರ್ಟಿಫಿಕೇಟ್ ಕೇಳಿ. ನಂಬರ್ ಪ್ಲೇಟ್ ಕ್ಯೂ ಅಕ್ಷರದಿಂದ ಶುರುವಾದ್ರೆ ಹೆದರಬೇಡಿ, ವಯಸ್ಸು ಗೊತ್ತುಮಾಡೋಕೆ ಆಗದ ಬಿಡಿಭಾಗ ಸೇರಿಸಿ ಕಟ್ಟಿದಾರೆ ಅಷ್ಟೇ. ಆದ್ರೆ ಅದರ ಮೇಲೆ ನಿಮ್ಮಿಷ್ಟದ ಪ್ರೈವೇಟ್ ನಂಬರ್ ಹಾಕೋಕೆ ಬರಲ್ಲ, ಮಾರೋವಾಗಲೂ ಸ್ವಲ್ಪ ಬೆಲೆ ಕಮ್ಮಿ.

ಐವಿಎ ದಿನಕ್ಕೆ ಮಾತ್ರ ಬೇರೆ ಕನ್ನಡಿ, ಬೇರೆ ಸ್ಟೀರಿಂಗ್, ಚೂಪಾದ ಅಂಚುಗಳಿಗೆ ರಬ್ಬರ್ ಹಾಕಿ ಪಾಸ್ ಮಾಡಿಸಿ ಆಮೇಲೆ ತೆಗೆದುಬಿಡೋದು ರೂಢಿ. ಏನೇನು ತೆಗೆದ್ರು, ಅವು ಈಗ ಎಲ್ಲಿವೆ ಅಂತ ಕೇಳಿ, ಪೆಟ್ಟಿಗೆಯಲ್ಲಿ ಇಟ್ಟಿದ್ರೆ ಜೊತೆಗೆ ಇಸ್ಕೊಳ್ಳಿ.

ಐತಿಹಾಸಿಕ ರೇಸಲ್ಲಿ ಓಡಿಸೋ ಕನಸಿಗೆ ರೆಪ್ಲಿಕಾ ತಗೊಳ್ಳೋರು ಇಲ್ಲೇ ನಿಂತು ಯೋಚನೆ ಮಾಡಿ. ಗುಡ್‌ವುಡ್ ರಿವೈವಲ್ ಅನ್ನೋ ಹಳೇ ಕಾರುಗಳ ರೇಸಲ್ಲಿ ಓಡಿಸೋದು ಆಹ್ವಾನ ಇದ್ದೋರಿಗೆ ಮಾತ್ರ. ಎಫ್‌ಐಎ, ಅಂದ್ರೆ ಅಂತಾರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ, ಕೊಡೋ ಹಿಸ್ಟಾರಿಕ್ ಪಾಸ್‌ಪೋರ್ಟ್ ಬೇಕು ಅಂದ್ರೆ ಕಾರು ಆ ಕಾಲದ ಸ್ಪೆಸಿಫಿಕೇಷನ್ನಿಗೆ ಕರಾರುವಾಕ್ಕಾಗಿ ಹೊಂದ್ಬೇಕು, ಪೋರ್ಷ ಗೇರ್‌ಬಾಕ್ಸ್ ಹಾಕಿದ ರಸ್ತೆ ರೆಪ್ಲಿಕಾಗೆ ಸಿಗೋದಲ್ಲ. ಟ್ರ್ಯಾಕ್ ಡೇಗೆ (ದುಡ್ಡು ಕೊಟ್ಟು ನಮ್ಮ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನ) ಯಾರೂ ಬೇಡ ಅನ್ನಲ್ಲ, ಆದ್ರೆ ಶಬ್ದದ ಮಿತಿ ಇರತ್ತೆ, ಗುಡ್‌ವುಡ್, ಬೆಡ್‌ಫರ್ಡ್ ಥರದ ಕಡೆ ಬಿಗಿ. ಕಾರಿನ ಶಬ್ದ ಎಷ್ಟು ಡೆಸಿಬೆಲ್ ಅಂತ ಅಳೆಸಿದ ಚೀಟಿ ಮಾಲೀಕರ ಹತ್ರ ಇದ್ಯಾ ಕೇಳಿ.

ಸೂಪರ್‌ಕಾರಿಗೆ ಫೈನಾನ್ಸ್ ಬಾಕಿ, ಅಪಘಾತದ ದಾಖಲೆ, ರೀಕಾಲ್ ಕೆಲಸ ಆಗಿದ್ಯಾ, ಎಂಓಟಿ ಅನ್ನೋ ವಾರ್ಷಿಕ ತಪಾಸಣೆಯ ಇತಿಹಾಸ ಇಷ್ಟು ಆನ್‌ಲೈನಲ್ಲೇ ಅರ್ಧ ಗಂಟೆಯಲ್ಲಿ ಮುಗಿಯತ್ತೆ. ಎಂಓಟಿಯಲ್ಲಿ ಬರೆದ ಮೈಲಿ ವರ್ಷವರ್ಷ ಏರ್ತಾ ಬಂದಿದ್ಯಾ ನೋಡಿ.

ಕೆಲವರು "ಆಮೇಲೆ ಬೆಂಗಳೂರಿಗೆ ತಗೊಂಡ್ ಹೋಗ್ತೀನಿ" ಅಂತಾರೆ. ಭಾರತದಲ್ಲಿ ಮೂರು ವರ್ಷಕ್ಕಿಂತ ಹಳೇ ಬಳಸಿದ ಕಾರನ್ನ ಸಾಮಾನ್ಯವಾಗಿ ಆಮದಿಗೆ ಬಿಡಲ್ಲ, ರೆಪ್ಲಿಕಾ ನಿಜವಾಗ್ಲೂ ಹಳೇದಲ್ಲದ ಕಾರಣ ವಿಂಟೇಜ್ ಲೆಕ್ಕಕ್ಕೂ ಬರಲ್ಲ. ಈ ಆಸೆ ಇಟ್ಕೊಂಡು ಯಾವುದನ್ನೂ ತಗೋಬೇಡಿ.

5. ತಣ್ಣಗಿರೋ ಇಂಜಿನ್

ಫೋನಲ್ಲೇ ಹೇಳಿ, ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ. ಹೋದ ತಕ್ಷಣ ಸೈಲೆನ್ಸರ್ ಹತ್ರ ಕೈ ತಗೊಂಡ್ ಹೋಗಿ ನೋಡಿ. ಬಿಸಿ ಇದ್ರೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ತಣ್ಣಗಿದ್ದಾಗ ಆಗೋ ತೊಂದರೆ ಮುಚ್ಚಿಡ್ತಿದಾರೆ ಅನ್ನೋ ಅನುಮಾನ ಬರ್ಬೇಕು.

ರೆಪ್ಲಿಕಾದಲ್ಲಿ ಸ್ಟಾರ್ಟ್ ಮಾಡೋಕೆ ಮುಂಚೆ ಪೆಟ್ರೋಲ್ ವಾಸನೆ ನೋಡಿ. 2021ರ ಸೆಪ್ಟೆಂಬರಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದ್ರೆ ಎಥನಾಲ್ ಬೆರೆಸಿದ ಇ10, ಹಳೇ ರಬ್ಬರ್ ಪೈಪನ್ನ ಆ ಎಥನಾಲ್ ತಿನ್ನತ್ತೆ, ಆ ಪೈಪು ಬಿಸಿ ಇಂಜಿನ್ ಪಕ್ಕದಲ್ಲೇ ಹೋಗಿರತ್ತೆ, ಬೆಂಕಿ ಹತ್ತೋದು ಹೀಗೇನೇ. ಪೈಪ್ ಯಾವಾಗ ಬದಲಾಯಿಸಿದ್ರು ಅನ್ನೋದಕ್ಕೆ ಬಿಲ್ ಇಲ್ಲ ಅಂದ್ರೆ ಮನೆಗೆ ತಂದ ದಿನವೇ ಬದಲಾಯಿಸಿ, ಎಥನಾಲ್ ಕಮ್ಮಿ ಇರೋ ಸೂಪರ್ ಪೆಟ್ರೋಲ್ ಇ5 ಹಾಕಿ.

ಆಮೇಲೆ ನಿಂತಲ್ಲೇ ಇಪ್ಪತ್ತು ನಿಮಿಷ ಓಡೋಕೆ ಬಿಡಿ. ರೇಡಿಯೇಟರ್ ಮುಂದೆ, ಇಂಜಿನ್ ಹಿಂದೆ, ನಡುವೆ ಉದ್ದದ ಪೈಪು, ಎಲ್ಲೋ ಒಂದು ಕಡೆ ಗಾಳಿ ಸಿಕ್ಕೊಂಡ್ರೆ ಸಾಕು ನೀರು ಸುತ್ತಲ್ಲ. ಫ್ಯಾನ್ ತಾನಾಗೇ ಆನ್ ಆಗಿ, ಬಿಸಿ ಇಳಿದು, ಆಫ್ ಆಗಿ, ಮತ್ತೆ ಆನ್ ಆಗ್ಬೇಕು. ಎರಡು ಸಲ ಹೀಗೆ ಆದ್ರೆ ಸರಿ. ಥರ್ಮಾಮೀಟರಿಂದ ರೇಡಿಯೇಟರಿನ ಎರಡೂ ಕಡೆ ಅಳೀರಿ, ಮೀಟರ್ ಸುಳ್ಳು ಹೇಳಬಹುದು. ಮಾಲೀಕರು "ಇದು ರೇಸ್ ಕಾರು, ನಿಂತ್ರೆ ಬಿಸಿಯಾಗತ್ತೆ" ಅಂದ್ರೆ ಅದು ರಿಪೇರಿ ಮಾಡದೇ ಇರೋದಕ್ಕೆ ಹೇಳೋ ನೆಪ, ಸರಿಯಾಗಿ ಕಟ್ಟಿದ ಕಾರು ಟ್ರಾಫಿಕ್ಕಲ್ಲೂ ನಿಲ್ಲತ್ತೆ.

ಬಾಡಿ ಮೇಲೆ ನಕ್ಷತ್ರದ ಆಕಾರದ ಸಣ್ಣ ಬಿರುಕು ಇದ್ರೆ ಒಳಗಿಂದ ಏನೋ ಗುದ್ದಿದೆ. ಸಸ್ಪೆನ್ಷನ್ನಿನ ರೋಸ್ ಜಾಯಿಂಟ್‌ಗಳನ್ನ (ಗುಂಡಿನ ಮೇಲೆ ತಿರುಗೋ ಲೋಹದ ಕೀಲುಗಳು) ಕೈಯಲ್ಲಿ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಸವೆದಿವೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಆಮೇಲಿನದು ವರ್ಷ. 1412 ಅಂತ ಇದ್ರೆ 2012ರದ್ದು, ಟೈರಿನ ಗೀರು ಎಷ್ಟೇ ಆಳ ಇರ್ಲಿ, ರಬ್ಬರ್ ಕಲ್ಲಾಗಿರತ್ತೆ.

ಸೂಪರ್‌ಕಾರನ್ನ ನೀವೇ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ, ಮಾರೋರಿಗೆ ಸಂಬಂಧ ಇಲ್ದಿರೋ ಸ್ಪೆಷಲಿಸ್ಟ್ ಹತ್ರ ಎತ್ತಿಸಿ ತೋರಿಸಿ. ಎರಡು ವಿಷಯ ಮಾತ್ರ ಬಾಯಿಬಿಟ್ಟು ಕೇಳಿ: ಕಾರ್ಬನ್ ಟಬ್ಬಿನ (ಕಾರಿನ ಮೂಲ ಚೌಕಟ್ಟು) ತಳದಲ್ಲಿ ಪೆಟ್ಟು ಬಿದ್ದಿದ್ಯಾ, ಸೆರಾಮಿಕ್ ಬ್ರೇಕ್ ಡಿಸ್ಕ್ ಎಷ್ಟು ಉಳಿದಿದೆ. 570ಎಸ್‌ಗೆ ಸೆರಾಮಿಕ್ ಬ್ರೇಕ್ ಕಂಪನಿಯಿಂದಲೇ ಬರತ್ತೆ, ನೋಡೋಕೆ ಹೊಸದರ ಹಾಗೇ ಇದ್ರೂ ಟ್ರ್ಯಾಕಲ್ಲಿ ಬಿಸಿಯಾಗಿ ತೂಕ ಕಳ್ಕೊಂಡಿರಬಹುದು, ನಾಲ್ಕೂ ಬದಲಾಯಿಸೋ ಬಿಲ್ಲು ನೋಡಿದ್ರೆ ಒಂದು ಸಣ್ಣ ಕಾರೇ ಬರತ್ತೆ.

6. ಐದು ವರ್ಷದ ಖರ್ಚು

ಒಂದು ಹಾಳೆ ಮೇಲೆ ಎರಡು ಕಾಲಂ. ಇನ್ಶೂರೆನ್ಸ್, ರಸ್ತೆ ತೆರಿಗೆ, ಸರ್ವಿಸ್, ಟೈರ್, ವಾರಂಟಿ, ಐದು ವರ್ಷದ ಮೇಲೆ ಮಾರಿದ್ರೆ ಎಷ್ಟು ಬರಬಹುದು. ಕೊನೇದೇ ದೊಡ್ಡದು. ಸೂಪರ್‌ಕಾರಿಗೆ ಹೊಸ ಮಾದರಿ ಬಂದಾಗೆಲ್ಲ ಹಳೇದರ ಬೆಲೆ ಇಳಿಯತ್ತೆ, ಒಳ್ಳೆ ಹೆಸರಿನೋರು ಕಟ್ಟಿದ ರೆಪ್ಲಿಕಾ ಬೆಲೆ ಅಷ್ಟು ಬೇಗ ಅಲ್ಲಾಡಲ್ಲ. ಯಾರು ಕಟ್ಟಿದ್ರೋ ಗೊತ್ತಿಲ್ದಿರೋ ರೆಪ್ಲಿಕಾಗೆ ಈ ಮಾತು ಸಲ್ಲಲ್ಲ, ಅದನ್ನ ಮಾರೋದೇ ಕಷ್ಟ.

ರೆಪ್ಲಿಕಾ ಇನ್ಶೂರೆನ್ಸ್ ಮಾಡಿಸೋವಾಗ ಇಬ್ಬರೂ ಮೊದಲೇ ಒಪ್ಪಿದ ಬೆಲೆಯ ಪಾಲಿಸಿನೇ ತಗೊಳ್ಳಿ, ಇಲ್ಲಾಂದ್ರೆ ಕಾರು ಹೋದ ಮೇಲೆ ಮಾರ್ಕೆಟ್ ಬೆಲೆ ಅಂತ ಅವರು ಹೇಳಿದ್ದೇ ಬೆಲೆ. ಎರಡರಲ್ಲಿ ಯಾವುದಕ್ಕೇ ಆಗ್ಲಿ, ಟ್ರ್ಯಾಕ್ ಡೇ ಕವರ್ ಪಾಲಿಸಿಯಲ್ಲಿ ಇದೆ ಅಂತ ಅಂದ್ಕೋಬೇಡಿ, ಕೇಳಿ ಬರೆಸ್ಕೊಳ್ಳಿ.

7. ಈಗ ಓಡಿಸಿ

ಇಲ್ಲಿವರೆಗೂ ಪಾಸಾದ ಕಾರುಗಳನ್ನ ಮಾತ್ರ. ಸಾಧ್ಯ ಆದ್ರೆ ಎರಡನ್ನೂ ಒಂದೇ ವಾರದಲ್ಲಿ, ಒಂದೇ ಥರದ ರಸ್ತೆಯಲ್ಲಿ. ಮೊದಲು ಊರೊಳಗೆ, ಸ್ಪೀಡ್ ಬ್ರೇಕರ್, ಪಾರ್ಕಿಂಗ್, ಆಮೇಲೆ ಹಳ್ಳಿ ರಸ್ತೆ, ಕೊನೆಗೆ ಮೋಟಾರ್‌ವೇ.

570ಎಸ್‌ನಲ್ಲಿ ಗಮನ ಇಡ್ಬೇಕಾದ್ದು ನಿಧಾನ ಓಟದ ಮೇಲೆ. ರಿವರ್ಸ್ ಬೇಗ ಬೀಳತ್ತಾ, ಒಂದು ಎರಡರ ನಡುವೆ ಜರ್ಕ್ ಇದ್ಯಾ, ಮೂತಿ ಎತ್ತೋ ಲಿಫ್ಟ್ ಕೆಲಸ ಮಾಡತ್ತಾ, ಎಸಿ ತಣ್ಣಗಿದ್ಯಾ. ವೇಗ ನೋಡೋ ಅವಶ್ಯಕತೆನೇ ಇಲ್ಲ, 562 ಬಿಎಚ್‌ಪಿ ಇದೆ ಅಂತ ಗೊತ್ತಲ್ಲ.

ಜಿಟಿ40ಯಲ್ಲಿ ಮೊದಲ ಹತ್ತು ಮೈಲಿ ಬಹಳ ಹುಷಾರು. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಟನ್ ಚಿಲ್ಲರೆ ತೂಕದ ಕಾರಿಗೆ ಅಷ್ಟು ದೊಡ್ಡ ಇಂಜಿನ್. ತಿರುವಿನ ನಡುವೆ ಹೆದರಿ ಒಮ್ಮೆಲೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ತಿರುಗೋಗತ್ತೆ, ನಿಧಾನವಾಗಿ ಒಳಗೆ ಹೋಗಿ. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಮೂವತ್ತು ಮೈಲಿ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ. ಮುಂದಿನ ಚಕ್ರ ಮೊದಲು ಲಾಕ್ ಆಗ್ಬೇಕು. ಹಿಂದಿನದು ಮೊದಲು ಲಾಕ್ ಆದ್ರೆ ಬ್ರೇಕ್ ಬಯಾಸ್, ಅಂದ್ರೆ ಮುಂದೆ ಹಿಂದೆ ಬ್ರೇಕಿನ ಹಂಚಿಕೆ, ತಪ್ಪಾಗಿದೆ, ಅಲ್ಲಿಂದ ಮಾಲೀಕರಿಗೇ ಓಡಿಸೋಕೆ ಕೊಟ್ಟು ವಾಪಸ್ ಬನ್ನಿ.

ನೀವು ಓಡಿಸಿ ಮುಗಿಸಿದ ಮೇಲೆ ಕಾರನ್ನ ಹತ್ತು ನಿಮಿಷ ಆಫ್ ಮಾಡಿ ನಿಲ್ಸಿ, ಮತ್ತೆ ಸ್ಟಾರ್ಟ್ ಮಾಡಿ. ಕಾರ್ಬ್ಯುರೇಟರ್ ಇರೋ ರೆಪ್ಲಿಕಾ ಬಿಸಿ ಇದ್ದಾಗ ಸ್ಟಾರ್ಟ್ ಆಗದೆ ಪೆಟ್ರೋಲ್ ಬಂಕಲ್ಲೇ ನಿಲ್ಲೋದು ತುಂಬ ಸಾಮಾನ್ಯ, ಅದನ್ನ ಅಲ್ಲೇ ಕಂಡುಹಿಡಿಯೋದು ಒಳ್ಳೇದು.

8. ಅಡ್ವಾನ್ಸ್ ಕೊಟ್ಟ ಮೇಲೆ

ಅವತ್ತೇ ಕೊಡ್ಬೇಡಿ, ಒಂದು ರಾತ್ರಿ ಮಲಗೆದ್ದು ಕೊಡಿ. ರಸೀದಿಯಲ್ಲಿ ಇನ್‌ಸ್ಪೆಕ್ಷನ್ ಫೇಲ್ ಆದ್ರೆ ಪೂರ್ತಿ ವಾಪಸ್ ಅಂತ ಬರೆಸ್ಕೊಳ್ಳಿ.

ಸೂಪರ್‌ಕಾರ್ ಬಂದ್ರೆ ಅದರದೇ ಬ್ಯಾಟರಿ ಚಾರ್ಜರ್ ಕೇಳಿ ಇಸ್ಕೊಳ್ಳಿ, ನಿಲ್ಸಿದಾಗೆಲ್ಲ ಹಾಕಿಡಿ, ಬ್ಯಾಟರಿ ಸತ್ತರೆ ಎಲೆಕ್ಟ್ರಾನಿಕ್ಸ್ ಒಂದೊಂದಾಗಿ ತಪ್ಪು ದೂರು ಹೇಳೋಕೆ ಶುರು ಮಾಡ್ತವೆ. ರೆಪ್ಲಿಕಾ ಬಂದ್ರೆ ಮೊದಲ ವಾರಾಂತ್ಯ ಓಡಿಸ್ಬೇಡಿ, ಕೆಳಗೆ ಮಲಗಿ ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕಿನ ಪ್ರತಿ ಬೋಲ್ಟನ್ನ ಟಾರ್ಕ್ ರೆಂಚಲ್ಲಿ ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ಚಾಸಿವರೆಗೂ ಹಳದಿ ಪೇಂಟಲ್ಲಿ ಒಂದು ಗೆರೆ ಎಳೀರಿ. ನೂರು ಮೈಲಿ ಆದ್ಮೇಲೆ ಮತ್ತೆ ಮಲಗಿ ನೋಡಿ. ಯಾವ ಗೆರೆ ಮುರಿದಿದ್ಯೋ ಆ ಬೋಲ್ಟ್ ಸಡಿಲ ಆಗಿದೆ.